ಒಂಬತ್ತನೇ ಬೋಲ್ಟು

ಈರಪ್ಪ ಕಾಕಾ ಮನುಷ್ಯರ ಜೊತೆ ಗುಜರಾತಿ ಮಾತಾಡುತ್ತಿದ್ದರು, ಕಬ್ಬಿಣದ ಜೊತೆ ಕನ್ನಡ. ಗಿರಾಕಿ ಬಂದರೆ "ಆವೋ ಆವೋ, ಬೇಸೋ" ಎಂದು ಕೂರಿಸುವರು. ಗಿರಾಕಿ ಹೋದ ಮೇಲೆ ತಗಡಿನ ಕಡೆ ತಿರುಗಿ, "ಹೂಂ, ಈಗ ಹೇಳು, ಏನ ನಿಂದು ತಕರಾರು?" ಎಂದು ಶುರು ಮಾಡುವರು. ಸೊಟ್ಟಗೆ ಹೋದ ಪಟ್ಟಿಯನ್ನು ಅದರ ಹಿಂದಿನ ಮೂರು ತಲೆಮಾರು ಸೇರಿಸಿ ಬೈಯುವರು, ಹೇಳಿದಂತೆ ಕೇಳಿದ ಬೆಸುಗೆಯ ಬೆನ್ನು ಸವರುವರು. ವಡೋದರಾದ ಮಕರಪುರಾ ಕಾರ್ಖಾನೆಗಳ ಹಿಂಬದಿಯಲ್ಲಿದ್ದ ಆ ತಗಡಿನ ಶೆಡ್ಡಿನ ಅಕ್ಕಪಕ್ಕದವರು, 'ಮದ್ರಾಸಿ ಕಾಕಾ'ನಿಗೆ ತಲೆ ಸ್ವಲ್ಪ ಹೆಚ್ಚುಕಮ್ಮಿ ಎಂದೇ ತಿಳಿದಿದ್ದರು. ವೆಲ್ಡಿಂಗ್ ರಾಡ್ ಮಾರುವವನೊಬ್ಬ, ಅದು ಕಬ್ಬಿಣ ಬಗ್ಗಿಸುವ ಮಂತ್ರವಿರಬೇಕೆಂದು ನನ್ನ ಹತ್ತಿರ ಗುಟ್ಟಾಗಿ ಹೇಳಿದ್ದ. ಅದು ರೋಣದ ಕಡೆಯ ಅಪ್ಪಟ ಬೈಗುಳ ಎಂದು ನಾನು ಅವನಿಗೆ ಹೇಳಲಿಲ್ಲ.

ನಾನು ತುಮಕೂರಿನವಳು, ವಿಮಾ ಕಂಪನಿಯೊಂದರಲ್ಲಿ ಕೆಲಸ. ವರ್ಗವಾಗಿ ವಡೋದರಾಕ್ಕೆ ಬಂದಾಗ ಆಲ್ಕಾಪುರಿಯಲ್ಲಿ ಆಫೀಸು, ಫತೇಗಂಜ್‌ನಲ್ಲಿ ಬಾಡಿಗೆಯ ಫ್ಲಾಟು. ಕೆಳಗೆ ವಿದ್ಯಾರ್ಥಿಗಳಿಂದ ಗಿಜಿಗುಡುವ ತಿಂಡಿ ಅಂಗಡಿಗಳು, ಮೇಲೆ ನಾನೊಬ್ಬಳೇ. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಕಾರಣ ಹೇಳಿ ಸಾಕಾಗಿ, 'ಮರೆತುಹೋಯಿತು' ಎನ್ನುವುದನ್ನು ರೂಢಿ ಮಾಡಿಕೊಂಡಿದ್ದೆ. ವಾರವೆಲ್ಲ ಫೈಲುಗಳ ನಡುವೆ ಹೇಗೋ ಕಳೆಯುತ್ತಿತ್ತು. ಭಾನುವಾರ ಮಾತ್ರ, ಹಾಲಿನವನಿಗೆ 'ಅರ್ಧ ಲೀಟರ್' ಎಂದದ್ದು ಬಿಟ್ಟರೆ ಸಂಜೆಯವರೆಗೂ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆ ಭಾನುವಾರಗಳಿಗೆ ಹೆದರಿಯೇ ನಾನೊಂದು ಹಳೆಯ ಜೀಪು ಕೊಂಡೆ.

ಮಹೀ ನದಿಯ ದಡದ ಮಣ್ಣಿನ ಕೊರಕಲುಗಳಲ್ಲಿ ಭಾನುವಾರ ಜೀಪು ಓಡಿಸುವ ಒಂದು ಗುಂಪಿತ್ತು. ಆಫೀಸಿನ ಒಬ್ಬರು ಸೇರಿಸಿದರು. ಮೊದಲ ದಿನವೇ, ಒಂದು ಹಳ್ಳದಿಂದ ಮೇಲೇರುವಾಗ ಗಾಡಿಯ ಮೂತಿ ದಿಬ್ಬಕ್ಕೆ ಬಡಿದು, ಜೊತೆಗೆ ಬಂದಿದ್ದ ತೆಳು ಬಂಪರು ಹಪ್ಪಳದಂತೆ ಮಡಚಿಕೊಂಡಿತು. ಗುಂಪಿನವರೆಲ್ಲ ಬಂದು ನಿಂತು, ಸೊಂಟಕ್ಕೆ ಕೈಕೊಟ್ಟು ನೋಡಿ, ಒಟ್ಟಾಗಿ ತೀರ್ಪು ಕೊಟ್ಟರು: "ಮದ್ರಾಸಿ ಕಾಕಾ ಹತ್ತಿರ ಹೋಗಿ. ಕೈಯಲ್ಲೇ ಉಕ್ಕಿನ ಬಂಪರು ಮಾಡಿಕೊಡುತ್ತಾನೆ. ಆದರೆ ಮನುಷ್ಯ ಒಂದು ಥರ." ಯಾವ ಥರ ಎಂದು ಕೇಳಿದರೆ ಯಾರೂ ಹೇಳಲಿಲ್ಲ.

ನಾನು ಹೋದಾಗ ಶೆಡ್ಡಿನಲ್ಲಿ ಯಾರೂ ಕಾಣಲಿಲ್ಲ. ಎತ್ತರಿಸಿ ನಿಲ್ಲಿಸಿದ್ದ ಒಂದು ಗಾಡಿಯ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು, ಮತ್ತು ಮಾತು ಕೇಳಿಸುತ್ತಿತ್ತು.

"ಯಾಕಲೇ, ನಿನ್ನೆ ನೆಟ್ಟಗಿದ್ದೆಲ್ಲಾ? ಇವತ್ತ ಯಾಕ ಮಾರಿ ತಿರುವಿದಿ? ಕುಂದರ ಸುಮ್ನ."

ಕನ್ನಡ! ಬಗ್ಗಿ, ಆ ಕಾಲುಗಳಿಗೆ ಹೇಳಿದೆ: "ಸ್ವಲ್ಪ ಹೊರಗೆ ಬರ್ತೀರಾ? ನಂದೊಂದು ಬಂಪರ್ ಆಗಬೇಕಿತ್ತು."

ಕಾಲುಗಳು ಅಲುಗಾಡದೆ ನಿಂತವು. ಬಹಳ ಹೊತ್ತಿನ ಮೇಲೆ ಒಬ್ಬ ಒಣಕಲು ಮುದುಕ ತೆವಳಿಕೊಂಡು ಹೊರಬಂದರು. ಕಿಡಿ ಬಿದ್ದು ತೂತುತೂತಾದ ಅಂಗಿ, ಹಣೆಯ ಮೇಲೆ ಏರಿಸಿದ ಕಪ್ಪು ಕನ್ನಡಕ. ನನ್ನನ್ನು ನೋಡಿದರು, ನನ್ನ ಹಿಂದೆ ಮತ್ಯಾರಾದರೂ ಇದ್ದಾರೋ ಎಂದು ನೋಡಿದರು.

"ಮತ್ತೊಮ್ಮೆ ಅನ್ರಿ," ಎಂದರು.

"ಏನು?"

"ಅದಽ. ಈಗ ಅಂದ್ರೆಲ್ಲಾ. ಏನರ ಅನ್ರಿ."

ನಾನು ಊರು, ಕೆಲಸ, ಜೀಪು, ಹಳ್ಳ ಎಲ್ಲ ಹೇಳಿದೆ. ಅವರು ಡ್ರಮ್ಮಿನ ಮೇಲೆ ಕೂತು, ತಲೆ ತಗ್ಗಿಸಿ, ರೇಡಿಯೋ ಕೇಳಿದ ಹಾಗೆ ಕೇಳಿದರು. ಬಂಪರಿನ ಬಗ್ಗೆ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ ಈಗಲೂ ಅನುಮಾನ. ಕೊನೆಗೆ ಕಣ್ಣೊರೆಸಿಕೊಳ್ಳುವವರಂತೆ ಹಣೆಯ ಬೆವರು ಒರೆಸಿಕೊಂಡು, "ನಮ್ಮಾಕಿ ಹ್ವಾದ ಮ್ಯಾಲ ಮನಶ್ಯಾರ ಬಾಯಾಗ ಇದನ್ನ ಕೇಳಿದ್ದು ಇವತ್ತಽ ನೋಡ್ರಿ. ಆರು ವರ್ಷ ಆತು," ಎಂದರು.

ರೋಣದ ಹತ್ತಿರದ ಹಳ್ಳಿಯ ಕಮ್ಮಾರರ ಮನೆ ಅವರದು. ಇಪ್ಪತ್ತೆರಡನೇ ವಯಸ್ಸಿಗೆ ಒಬ್ಬ ಕಂಟ್ರಾಕ್ಟರನ ಹಿಂದೆ ವೆಲ್ಡರಾಗಿ ಇಲ್ಲಿಗೆ ಬಂದವರು, ದೊಡ್ಡ ದೊಡ್ಡ ಕೊಳವೆಗಳನ್ನು ಬೆಸೆದು ಬೆಸೆದು ಇಲ್ಲೇ ಉಳಿದುಬಿಟ್ಟರು. ಹೆಂಡತಿ ಶಾಂತವ್ವ ಇರುವವರೆಗೆ ಮನೆಯಲ್ಲಿ ಕನ್ನಡವಿತ್ತು. ಒಬ್ಬಳೇ ಮಗಳು ಸುನಂದಾ ಗುಜರಾತಿಯಲ್ಲಿ ಓದಿ, ಗುಜರಾತಿಯವನನ್ನೇ ಮದುವೆಯಾಗಿ ಮಾಂಜಲ್‌ಪುರದಲ್ಲಿದ್ದಳು. ಅಪ್ಪನ ಭಾಷೆಯಲ್ಲಿ 'ಊಟ', 'ಬಾ', 'ಸಾಕು' ಇಂಥ ಬೆರಳೆಣಿಕೆಯ ಮಾತಷ್ಟೇ ಅವಳ ಬಳಿ ಉಳಿದಿತ್ತು. ಊರಿಗೆ ಯಾಕೆ ಹೋಗಲಿಲ್ಲವೆಂದು ಕೇಳಿದರೆ ಕಾಕಾ, "ಅಲ್ಲಿ ನನಗ ಗುರ್ತ ಇದ್ದವ್ರೆಲ್ಲಾ ಮಣ್ಣಾಗ ಮಲಗ್ಯಾರ. ಯಾರ ಕೂಡ ಮಾತಾಡ್ಲಿ?" ಎನ್ನುವರು. ನಗರದ ಕನ್ನಡದವರ ಯಾವುದೋ ಹಬ್ಬದ ಸಭೆಗೂ ಒಮ್ಮೆ ಹೋಗಿದ್ದರಂತೆ. ಎಲ್ಲರೂ ಅವರ ಅಂಗಿಯ ತೂತುಗಳನ್ನೇ ನೋಡುತ್ತಿದ್ದರಂತೆ. ಪಾಯಸ ತಿಂದು ಹೊರಟು ಬಂದರಂತೆ.

ಅವರು 'ಒಂದು ಥರ' ಎಂದು ಗುಂಪಿನವರು ಹೇಳಿದ್ದರ ಅರ್ಥ ಮುಂದಿನ ಭಾನುವಾರವೇ ತಿಳಿಯಿತು. ಅವರಲ್ಲಿ ಎರಡು ಕಟ್ಟಳೆಗಳಿದ್ದವು. ಗಾಡಿಯನ್ನು ಬಿಟ್ಟು ಹೋಗುವ ಹಾಗಿಲ್ಲ, ಗಾಡಿ ಯಾರದೋ ಅವರೇ ಬಂದು ತಗಡಿನ ಇನ್ನೊಂದು ತುದಿ ಹಿಡಿಯಬೇಕು. ಮತ್ತು ಕಬ್ಬಿಣ ಮುಟ್ಟುವ ಮೊದಲು ಇಡೀ ಬಂಪರನ್ನು ರಟ್ಟಿನಲ್ಲಿ ಮಾಡಿ ಗಾಡಿಗೆ ಕಟ್ಟಿ ನೋಡಬೇಕು. ಫ್ರಿಜ್ಜಿನ ಪೆಟ್ಟಿಗೆಯ ದಪ್ಪ ರಟ್ಟು ಬಿಡಿಸಿ, ಅಳತೆ ಗೀಚಿ, ಕತ್ತರಿಸಿ, ಟೇಪು ಹಚ್ಚಿ, ನನ್ನ ಜೀಪಿಗೆ ಒಂದು ರಟ್ಟಿನ ಮೂತಿ ಕೂರಿಸಿದರು. ನಾನು ನಕ್ಕೆ.

"ನಗ್ರಿ. ರಟ್ಟು ತಪ್ಪಿದ್ರ ಒಲಿಗೆ ಹಾಕ್ಬೋದು. ಕಬ್ಬಿಣ ತಪ್ಪಿದ್ರ ಎಲ್ಲಿ ಹಾಕ್ತೀರಿ?"

"ಕಾಕಾ, ಬೇರೆಯವರು ಒಂದೇ ದಿನದಲ್ಲಿ ಮಾಡಿಕೊಡ್ತಾರಂತೆ."

"ಮಾಡ್ತಾರ. ಒಂದ ದಿನದಾಗ ಮಾಡಿದ್ದು ಒಂದ ದಿನದಾಗ ಬೀಳ್ತೈತಿ. ನಿಮಗೇನ ಐತವಾರ ಬ್ಯಾರೆ ಕೆಲಸ ಐತೇನು?"

ಇರಲಿಲ್ಲ. ಅದನ್ನು ಅವರು ಹೇಗೆ ಕಂಡುಹಿಡಿದರೋ.

ನಾನು ವಿಮೆಯವಳಾದ್ದರಿಂದ ಒಂದು ಅಳುಕೂ ಇತ್ತು. ಮುಂದೆ ದಪ್ಪ ಕಂಬಿಗಳ ಗಾರ್ಡು ಕಟ್ಟಿಕೊಂಡು ರಸ್ತೆಗಿಳಿಯುವ ಗಾಡಿಗಳ ಕಡತಗಳನ್ನು ನಾನೇ ಎಷ್ಟೋ ಸಲ ವಾಪಸು ಕಳಿಸಿದ್ದೆ. ಹೇಳಿದೆ. ಕಾಕಾ ಅರ್ಧ ಸಿಟ್ಟಿನಲ್ಲಿ, "ನಾ ಕೊಂಬು ಹಚ್ಚೂ ಪೈಕಿ ಅಲ್ಲ. ಬಂಪರ್ ಇದ್ದ ಜಾಗದಾಗ ಬಂಪರ್. ಅಗಲ ಹೆಚ್ಚಿಲ್ಲ, ಮೂಲಿ ಚೂಪ ಇಲ್ಲ. ಹಾದ್ಯಾಗ ಹೋಗೂ ಮಂದಿ ಕಾಲಿಗೆ ತಾಗಿದ್ರ ಪಾಪ ಯಾರಿಗೆ?" ಎಂದರು. ಅದು ಬರೀ ಮಾತಲ್ಲ. ನಾನಿದ್ದಾಗಲೇ ಒಬ್ಬರು ಬಿಳಿಯ ಹೊಸ ಕಾರು ತಂದು, ಮುಂದೆ ಸಿಂಹದ ಬಾಯಿಯಂಥದ್ದೊಂದು ಗಾರ್ಡು ಬೇಕೆಂದು ಹಠ ಹಿಡಿದರು. ಕಾಕಾ ಕಾರಿನ ಒಳಗೆ ಇಣುಕಿ, ಏರ್‌ಬ್ಯಾಗ್ ಇರುವ ಗಾಡಿಯ ಮೂತಿಗೆ ತಾನು ಕೈ ಹಚ್ಚುವುದಿಲ್ಲ, ಏಟು ಬಿದ್ದಾಗ ಚೀಲಕ್ಕೆ ಅದು ಗೊತ್ತಾಗದೇ ಹೋಗಬಹುದು ಎಂದು ಗುಜರಾತಿಯಲ್ಲಿ ವಿನಯವಾಗಿ ಹೇಳಿ ಕಳಿಸಿದರು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಕನ್ನಡದಲ್ಲಿ ಅಷ್ಟು ವಿನಯವಿರಲಿಲ್ಲ.

ಎರಡನೇ ಭಾನುವಾರ ರಟ್ಟಿನ ಮೇಲಿನ ಗೆರೆಗಳು ಉಕ್ಕಿನ ತಗಡಿಗೆ ಹೋದವು. ಗ್ರೈಂಡರಿನಿಂದ ಕತ್ತರಿಸಿ, ಅಲ್ಲಲ್ಲಿ ಚುಕ್ಕೆಯಂತೆ ಬೆಸುಗೆ ಕೊಟ್ಟು, ನಾನು ಹಿಡಿದ ತುದಿಯನ್ನು ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಎರಡು ಚುಕ್ಕೆ. ಪೂರ್ತಿ ಬೆಸುಗೆಯನ್ನೂ ಒಂದೇ ಕಡೆಯಿಂದ ಎಳೆಯುತ್ತಿರಲಿಲ್ಲ, ಎಡಕ್ಕೆ ಒಂದು ಬೆರಳುದ್ದ, ಬಲಕ್ಕೆ ಒಂದು ಬೆರಳುದ್ದ. "ಒಂದ ಕಡೆ ಬಿಸಿ ಆತು ಅಂದ್ರ ಸಿಟ್ಟಿಗೆದ್ದು ಸೊಟ್ಟ ಆಕ್ಕೈತಿ. ಎರಡೂ ಕಡೆ ಸಮಾಧಾನ ಮಾಡಬೇಕು." ಬೆಸೆದಾದ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ, ಕಿವಿ ಹತ್ತಿರ ತಂದು ಕೇಳುವರು. ಎಲ್ಲೋ ಒಂದು ಕಡೆ ಅವರಿಗೆ ಸಮಾಧಾನವಾಗದೆ, ನನಗೆ ಚೆನ್ನಾಗಿಯೇ ಕಾಣುತ್ತಿದ್ದ ಬೆಸುಗೆಯನ್ನು ಅಷ್ಟುದ್ದ ಕೊರೆದು ಮತ್ತೆ ಹಾಕಿದರು. ಬಾಯಿ ಮಾತ್ರ ಒಂದು ಗಳಿಗೆ ನಿಲ್ಲಲಿಲ್ಲ. ಆ ದಿನ ಅವರು ಕಬ್ಬಿಣದ ಜೊತೆ ಮಾತಾಡಲಿಲ್ಲ, ನನ್ನ ಜೊತೆಯೇ ಮಾತಾಡಿದರು ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ಮೂರನೆಯ ಭಾನುವಾರ ಕೂರಿಸುವ ಕೆಲಸ. ಕಪ್ಪು ಬಣ್ಣ ಬಳಿದ ಆ ನಲವತ್ತು ಕಿಲೋದ ಬಂಪರನ್ನು ಜಾಕಿನ ಮೇಲೆ ಮರದ ತುಂಡಿಟ್ಟು ಎತ್ತರಿಸಿ, ಗಾಡಿಯ ಅಡಿಚೌಕಟ್ಟಾದ ಛಾಸಿಯ ತೂತುಗಳಿಗೆ ಸರಿಹೊಂದಿಸಿದೆವು. ಚಕ್ರದ ಮೇಲಿನ ರೆಕ್ಕೆತಗಡಿಗೂ ಬಂಪರಿಗೂ ನಡುವೆ ತಮ್ಮ ಎರಡು ಬೆರಳು ತೂರಿಸಿ ನೋಡಿದರು. ಒಂದು ಬೆರಳಿನ ತುದಿ ಇರಲಿಲ್ಲ, ಯಾವ ಕಾಲದಲ್ಲೋ ಯಂತ್ರಕ್ಕೆ ಹೋಗಿತ್ತು. "ಹಳ್ಳದಾಗ ಗಾಡಿ ಮೈ ಮುರೀತೈತಿ. ಇಷ್ಟು ಜಾಗ ಬಿಡದಿದ್ರ ಒಂದಕ್ಕೊಂದು ತಿಕ್ಕ್ಯಾಡಿ ಜಗಳಾ ಆಕ್ಕೈತಿ." ಎಂಟು ದಪ್ಪ ಬೋಲ್ಟು ಛಾಸಿಗೆ, ಎಂಟಕ್ಕೂ ಸ್ಪ್ರಿಂಗ್ ವಾಷರು. ಅಲುಗಾಟಕ್ಕೆ ಬೋಲ್ಟು ಸಡಿಲವಾಗದಂತೆ ಹಿಡಿಯುವ, ಸೀಳಿದ ಸಣ್ಣ ಉಂಗುರ ಅದು. ಬಿಗಿದು, ಪ್ರತಿಯೊಂದಕ್ಕೂ ಹಳದಿ ಬಣ್ಣದ ಗೆರೆ ಎಳೆದರು. ಬಂಪರಿನ ಕೆಳಗೆ, ಕಲ್ಲು ರೇಡಿಯೇಟರಿಗೆ ಬಡಿಯದಂತೆ ಒಂದು ಚಿಕ್ಕ ಹೊಟ್ಟೆತಗಡು. ಅದರ ಒಂದು ಅಂಚು ಕೊಂಡಿಗೆ ಸಿಕ್ಕಿಸಿದ್ದು, ಇನ್ನೊಂದು ಅಂಚಿಗೆ ಒಂಬತ್ತನೇ ಬೋಲ್ಟು.

"ನೂರು ಕಿಲೋಮೀಟರ್ ಓಡಿಸ್ರಿ, ಮತ್ತ ಬರ್ರಿ. ಹೊಸಾ ಕಬ್ಬಿಣ, ಕುಂದರಾಕ ಟೈಮ್ ಬೇಕು. ಬೋಲ್ಟ್ ಬಿಗೀಬೇಕಾಕ್ಕೈತಿ," ಎಂದು ಪಾನ ಒರೆಸುತ್ತ ಹೇಳಿದರು. ಅಲ್ಲಿ ಸ್ಪ್ಯಾನರಿಗೆ ಪಾನ ಎಂದೇ ಅನ್ನುವುದು.

ಮಹೀ ಕೊರಕಲಿನಲ್ಲಿ ಆ ಬಂಪರು ದಿಬ್ಬಕ್ಕೆ ತಗುಲಿದಾಗ ದಿಬ್ಬವೇ ಸರಿಯಿತು. ಗುಂಪಿನವರು ಶಿಳ್ಳೆ ಹಾಕಿದರು. ಆದರೆ ನಾಲ್ಕನೇ ವಾರಕ್ಕೆ ಸರಿಯಾಗಿ ಕೆಳಗಿನಿಂದ ಕಟಕಟ ಸದ್ದು ಶುರುವಾಯಿತು. ಹೋದೆ. ಕಾಕಾ ಗಾಡಿ ನಿಲ್ಲುವ ಮೊದಲೇ ಕಿವಿಯರಳಿಸಿ, "ಬಂತೇನು ಕಟಕಟ?" ಎಂದು ನಕ್ಕು ಒಲೆಯ ಮೇಲೆ ಚಹಾ ಇಟ್ಟರು. ಕೆಳಗೆ ತೂರಿ ಒಂಬತ್ತನೇ ಬೋಲ್ಟು ಬಿಗಿದರು. ಕೆಲಸ ಎರಡು ನಿಮಿಷದ್ದು, ನಾನು ಹೊರಟಾಗ ಮಧ್ಯಾಹ್ನವಾಗಿತ್ತು. ಮತ್ತೆ ನಾಲ್ಕೈದು ವಾರಕ್ಕೆ ಕಟಕಟ. ಮತ್ತೆ ಹೋದೆ. ಹೀಗೆ ಒಂದೂವರೆ ವರ್ಷ.

ಈ ಭಾನುವಾರಗಳಲ್ಲಿ ನಾನು 'ಮೇಡಮ್ಮಾರ' ಇಂದ 'ಯವ್ವಾ' ಆದೆ. ಶೆಡ್ಡಿನ ಹಿಂದಿನ ಅವರ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ ಹಾಕಿಕೊಡುವರು. ನಾನು ಮುದ್ದೆಯ ಹೆಸರೆತ್ತಿದರೆ, "ಅದನ್ನ ನುಂಗೂದಾದ್ರ ಹಲ್ಲ ಯಾಕ ಕೊಟ್ಟಾನ ದೇವ್ರು?" ಎಂದು ಕಾಡುವರು. ಒಮ್ಮೆ ಅವರ ಅಪ್ಪನ ಕುಲುಮೆಯ ಕಥೆ ಹೇಳುತ್ತಿದ್ದವರು ಮಾತಿನ ನಡುವೆ ನಿಂತುಬಿಟ್ಟರು. ಕಾದ ಕಬ್ಬಿಣ ಹಿಡಿಯುವ ಅದು, ಅದಕ್ಕೆ ಇಲ್ಲಿ ಸಾಣಸಿ ಅನ್ನುತ್ತಾರೆ, ಅಪ್ಪ ಏನನ್ನುತ್ತಿದ್ದ? ಹೆಸರು ಬರಲೊಲ್ಲದು. ಕೈಯಿಂದ ಹಿಡಿದು ತೋರಿಸುತ್ತಾರೆ, ಗಾಳಿಯಲ್ಲಿ ಬಡಿಯುತ್ತಾರೆ, ಮುಖ ಕೆಂಪಾಗುತ್ತದೆ. "ಇಕ್ಕಳ," ಎಂದೆ. "ಇಕ್ಕಳ. ಹೌದಽ. ಇಕ್ಕಳ." ಎದ್ದು ಹೋಗಿ ಸೀಮೆಸುಣ್ಣದಿಂದ ಶೆಡ್ಡಿನ ತಗಡಿನ ಮೇಲೆ ಬರೆದಿಟ್ಟರು. ತಿರುಗಿ ಬಂದು ಕೂತಾಗ ಕಣ್ಣಲ್ಲಿ ನೀರಿತ್ತು. "ಅಪ್ಪನ ಕೈಯಾಗಿಂದನಽ ಬಿದ್ದು ಹೋಗಿತ್ತವ್ವಾ ಅದು," ಎಂದರು. ನಾನು ಚಹಾದ ಲೋಟ ತೊಳೆಯಲು ಎದ್ದೆ.

ಆಮೇಲೆ ನನಗೆ ಸೂರತ್ತಿಗೆ ವರ್ಗವಾಯಿತು. ಪಾಂಡೇಸರಾದ ಬಟ್ಟೆ ಗಿರಣಿಗಳ ವಿಮೆಯ ಕೆಲಸ, ದಿನವಿಡೀ ಬಣ್ಣದ ಹಬೆಯ ವಾಸನೆ, ಮನೆ ಅಲ್ಲೇ ಹತ್ತಿರದಲ್ಲಿ. ಹೊರಡುವ ಮುಂಚೆ ಕಾಕಾನ ಹತ್ತಿರ ಹೋದಾಗ ಅವರು ಬಂಪರನ್ನೊಮ್ಮೆ ಅಂಗೈಯಿಂದ ಸವರಿ, "ನೂರೈವತ್ತು ಕಿಲೋಮೀಟರ್. ಅದೇನ ದೂರ? ಕಟಕಟ ಅಂದ್ರ ಬಂದುಬಿಡ್ರಿ," ಎಂದಷ್ಟೇ ಹೇಳಿದರು. ಸುಮ್ಮಸುಮ್ಮನೆ ಬಾ ಎಂದು ಕರೆಯುವ ಮನುಷ್ಯರಲ್ಲ ಅವರು. ಬೋಲ್ಟು ಕರೆಯಬೇಕು.

ಮೊದಲೆರಡು ತಿಂಗಳು ಹೋಗಿಬಂದೆ. ಆಮೇಲೆ ಒಂದು ಭಾನುವಾರ ಕೆಲಸ, ಒಂದು ಭಾನುವಾರ ಸೋಮಾರಿತನ. ಕಟಕಟ ಹೆಚ್ಚಾಯಿತು. ಒಂದು ಸಂಜೆ ಪಾಂಡೇಸರಾದ ರಸ್ತೆ ಬದಿಯ ಗ್ಯಾರೇಜಿಗೆ ಗಾಡಿ ಹೊಡೆದೆ. ಮೆಕ್ಯಾನಿಕ್ ಕೆಳಗೆ ತೂರಿ, ನಗುತ್ತ ಹೊರಬಂದ. ಎಂಟು ಬೋಲ್ಟು ಬಂಡೆಯ ಹಾಗಿವೆ, ಒಂಬತ್ತನೆಯದಕ್ಕೆ ವಾಷರೇ ಇಲ್ಲ, ಇಷ್ಟು ಚೆಂದದ ಕೆಲಸ ಮಾಡಿದವನು ಇದನ್ನು ಹೇಗೆ ಮರೆತ ಎಂದ. ಒಂದು ವಾಷರು ಹಾಕಿ ಬಿಗಿದ. ಅಲ್ಲಿಗೆ ಮುಗಿಯಿತು.

ನಾನು, ಬುದ್ಧಿವಂತೆ, ಅಂದೇ ಕಾಕಾನಿಗೆ ಫೋನು ಮಾಡಿದೆ.

"ಕಾಕಾ, ಸಿಕ್ಕಿಬಿದ್ರಿ! ಒಂಬತ್ತನೇದಕ್ಕೆ ವಾಷರ್ ಹಾಕೋದೇ ಮರೆತಿದ್ದೀರಿ. ಇಲ್ಲಿ ಒಬ್ಬ ಎರಡು ನಿಮಿಷದಲ್ಲಿ ಸರಿಮಾಡಿಕೊಟ್ಟ. ವಯಸ್ಸಾಯ್ತು ನಿಮಗೆ."

ಆ ಕಡೆ ಲಾರಿಯೊಂದು ಹಾದುಹೋದ ಸದ್ದು ಕೇಳಿಸಿತು.

"ಹೌದವ್ವಾ. ಮರತಿತ್ತು."

"ಇನ್ನು ನಿಮಗೆ ತೊಂದರೆ ತಪ್ಪಿತು ಬಿಡಿ."

"ಚಲೋ ಆತು," ಎಂದರು. "ಚಲೋ ಆತು ಬಿಡವ್ವಾ."

ಆಮೇಲೆ ನಾನು ಐದು ತಿಂಗಳು ವಡೋದರಾಕ್ಕೆ ಹೋಗಲಿಲ್ಲ. ಹೋಗಬಾರದೆಂದೇನಲ್ಲ, ಹೋಗಲು ನೆಪವಿರಲಿಲ್ಲ. ಒಂದೆರಡು ಸಲ ಫೋನು ಮಾಡಿದೆ. "ಆರಾಮ ಅದೀನಿ, ನೀ ಆರಾಮ?" ಅಷ್ಟಕ್ಕೆ ಮಾತು ನಿಲ್ಲುತ್ತಿತ್ತು. ಎದುರಿಗೆ ಕಬ್ಬಿಣವಿಲ್ಲದೆ ಅವರಿಗೆ ಮಾತಾಡಲು ಬರುವುದಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನನ್ನ ಭಾನುವಾರಗಳು ಮತ್ತೆ ಹಾಲಿನವನಿಗೆ ಹೇಳುವ ಎರಡು ಮಾತಿಗೆ ಬಂದು ನಿಂತಿದ್ದವು. ಹಾಗಿದ್ದೂ ಎದ್ದು ಗಾಡಿ ಹತ್ತಲಿಲ್ಲ. ಆ ಐದು ತಿಂಗಳನ್ನು ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಒಂದು ಶುಕ್ರವಾರ ಸುನಂದಾಳ ಫೋನು ಬಂತು. ಅದುವರೆಗೆ ಅವಳನ್ನು ನಾನು ಎರಡು ಸಲ ಮಾತ್ರ ನೋಡಿದ್ದೆ. ಅವಳು ತನ್ನ ಬಳಿ ಉಳಿದಿದ್ದ ಕನ್ನಡವನ್ನೆಲ್ಲ ಒಟ್ಟುಮಾಡಿ ಹೇಳಿದಳು: "ದೀದಿ, ಪಪ್ಪಾ... ಕೈ ಇಲ್ಲ. ಕಾಲ್ ಇಲ್ಲ. ಬಾ." ಉಳಿದದ್ದನ್ನು ಹಿಂದಿಯಲ್ಲಿ ಹೇಳಿ ಅತ್ತಳು. ಅಪ್ಪನ ಬಲಗಡೆ ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ತನ್ನ ಮನೆಗೆ ತಂದುಕೊಂಡಿದ್ದಳು. ಮಾತು ತೊದಲುತ್ತಿತ್ತು. ಬರುವ ಮಾತೂ ಬರೀ ಕನ್ನಡ, ಅವಳಿಗೆ ಅರ್ಧವೂ ತಿಳಿಯುತ್ತಿರಲಿಲ್ಲ.

ಶೆಡ್ಡು ಖಾಲಿ ಮಾಡುವಾಗ ಒಂದು ಡಬ್ಬಿ ಸಿಕ್ಕಿತಂತೆ, ಅದರ ತುಂಬ ಸ್ಪ್ರಿಂಗ್ ವಾಷರುಗಳು, ಎಲ್ಲವೂ ಒಂದೇ ಅಳತೆ, ಎಲ್ಲವೂ ಹೊಸವು. "ಪಪ್ಪಾ ಅದನ್ನು ಎಸೆಯಲು ಬಿಡುತ್ತಿಲ್ಲ ದೀದಿ," ಎಂದು ಹಿಂದಿಯಲ್ಲಿ ಹೇಳಿದಳು. "ನನಗೆ ಗೊತ್ತು ಅದೇನೆಂದು. ಮಮ್ಮಿ ಹೋದ ಮೇಲೆ ಶುರು ಮಾಡಿದರು. ಎಂಟು ಬೋಲ್ಟು ಗಾಡಿಗೆ, ಒಂಬತ್ತನೇದು ನನಗೆ ಎನ್ನುತ್ತಿದ್ದರು. ಸಡಿಲ ಬಿಟ್ಟರೆ ಗಿರಾಕಿ ಮತ್ತೆ ಬರುತ್ತಾನೆ, ಹತ್ತು ನಿಮಿಷ ಕೂರುತ್ತಾನೆ ಎಂದು. ಯಾರೂ ಬರುತ್ತಿರಲಿಲ್ಲ, ಎಲ್ಲರೂ ಹತ್ತಿರದ ಅಂಗಡಿಯಲ್ಲಿ ಬಿಗಿಸಿಕೊಳ್ಳುತ್ತಿದ್ದರು. ನೀವೊಬ್ಬರೇ ಬರುತ್ತಿದ್ದದ್ದು."

ನಾನು ಫೋನು ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತೆ. 'ಸಿಕ್ಕಿಬಿದ್ರಿ' ಎಂದಿದ್ದೆ. 'ತೊಂದರೆ ತಪ್ಪಿತು' ಎಂದಿದ್ದೆ. ನಗುತ್ತ ಹೇಳಿದ್ದೆ.

ಮರುದಿನ ಬೆಳಿಗ್ಗೆ ಹೊರಟೆ. ಮಾಂಜಲ್‌ಪುರ ಇನ್ನೊಂದು ಫರ್ಲಾಂಗ್ ಇದೆ ಎನ್ನುವಾಗ ರಸ್ತೆ ಬದಿಗೆ ಗಾಡಿ ನಿಲ್ಲಿಸಿ, ಹದಿನೇಳು ನಂಬರಿನ ಪಾನ ತೆಗೆದುಕೊಂಡು, ದುಪಟ್ಟಾ ಸೊಂಟಕ್ಕೆ ಸುತ್ತಿ ಕೆಳಗೆ ತೂರಿದೆ. ಪಕ್ಕದಲ್ಲಿ ಸೇವ್ ಉಸಳ್ ತಿಂಡಿ ಮಾರುವವನು ಕೈಯಲ್ಲಿ ಸೌಟು ಹಿಡಿದು ನೋಡುತ್ತ ನಿಂತ. ಒಂಬತ್ತನೇ ಬೋಲ್ಟು ಬಿಚ್ಚಿ, ವಾಷರು ತೆಗೆದು ಜೇಬಿಗೆ ಹಾಕಿಕೊಂಡು, ಬೋಲ್ಟನ್ನು ಬೆರಳಿನಲ್ಲೇ ನಾಲ್ಕು ಸುತ್ತು ತಿರುಗಿಸಿ ಬಿಟ್ಟೆ. ಆಮೇಲೆ ರಸ್ತೆಯಲ್ಲಿದ್ದ ಒಂದೊಂದು ಹಳ್ಳವನ್ನೂ ಹುಡುಕಿ ಗಾಡಿ ಹಾಯಿಸಿಕೊಂಡು ಸುನಂದಾಳ ಮನೆಯ ಓಣಿಗೆ ಬಂದೆ.

ಕಾಕಾ ಅಂಗಳದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಬಲಗೈ ತೊಡೆಯ ಮೇಲೆ, ಯಾರೋ ಇಟ್ಟುಹೋದ ವಸ್ತುವಿನಂತೆ ಇತ್ತು. ಅವರನ್ನು ತೂತಿಲ್ಲದ ಅಂಗಿಯಲ್ಲಿ ನೋಡಿದ್ದು ಅದೇ ಮೊದಲು. ಕುರ್ಚಿಯ ಪಕ್ಕಕ್ಕೇ ತಂದು ನಿಲ್ಲಿಸಿದ ಗಾಡಿಯ ಸದ್ದಿಗೆ ತಲೆಯೆತ್ತಿದರು. ಬಾಯಿಯ ಒಂದು ಕಡೆ ಮಾತ್ರ ನಕ್ಕಿತು.

"ಬಂತೇನು... ಕಟಕಟ?"

"ಬಂತು ಕಾಕಾ. ಆ ಸೂರತ್ತಿನವನಿಗೆ ಕೆಲಸ ಬರಲ್ಲ."

ಅವರು ಬಂಪರನ್ನು ನೋಡಿದರು, ಮಣ್ಣಾಗಿದ್ದ ನನ್ನ ಬೆನ್ನನ್ನು ನೋಡಿದರು, ಗ್ರೀಸು ಹತ್ತಿದ್ದ ನನ್ನ ಬೆರಳುಗಳನ್ನು ನೋಡಿದರು. ಅಷ್ಟು ವರ್ಷ ಗಾಡಿಗಳ ಕೆಳಗೆ ಮಲಗಿದ ಮನುಷ್ಯ, ಅವರಿಗೆ ಎಲ್ಲವೂ ಗೊತ್ತಾಯಿತು. ನನಗೆ ಎಲ್ಲವೂ ಗೊತ್ತಾಗಿದೆ ಎಂಬುದೂ ಗೊತ್ತಾಯಿತು.

ಆ ದಿನ ಮಧ್ಯಾಹ್ನದವರೆಗೆ ಮಾತಾಡಿದೆವು. ಹೆಚ್ಚು ನಾನೇ ಮಾತಾಡಿದೆ, ಅವರು ಮೊದಲ ದಿನದ ಹಾಗೆ ತಲೆ ತಗ್ಗಿಸಿ ಕೇಳಿದರು. ಅವರು ಹೇಳಿದ್ದನ್ನು ನಾನು ಸುನಂದಾಳಿಗೆ ಹಿಂದಿಯಲ್ಲಿ ಹೇಳಿದೆ. ತಲೆದಿಂಬು ಎತ್ತರವಾಯಿತಂತೆ. ದಾಲ್‌ಗೆ ಬೆಲ್ಲ ಹಾಕಬೇಡ ಎಂದು ಅವಳ ಮದುವೆಯಾದಾಗಿನಿಂದ ಹೇಳಬೇಕೆಂದಿದ್ದರಂತೆ. ಅವಳು ಅಳುತ್ತ ನಕ್ಕಳು.

ಹೊರಡುವ ಹೊತ್ತಿಗೆ ಕಾಕಾ ಎಡಗೈ ಚಾಚಿ ಪಾನ ಕೇಳಿದರು. ಕೊಟ್ಟೆ. ರೂಢಿಯಿಲ್ಲದ ಬೆರಳಿಗೆ ಹಿಡಿತ ಸಿಗದೆ ಅದು ನೆಲಕ್ಕೆ ಬಿತ್ತು. ಎರಡು ಸಲ ಬಿತ್ತು. ಮೂರನೆಯ ಸಲ ಅವರು ಅದನ್ನು ನನ್ನ ಕಡೆ ತಳ್ಳಿದರು. ನಾನು ಕೆಳಗೆ ತೂರಿ, ಅವರು ಬಿಗಿಯುತ್ತಿದ್ದಂತೆಯೇ ಒಂದಿಷ್ಟು ಬಿಗಿದು, "ಸಾಕು ಕಾಕಾ, ಆಯ್ತು. ಮುಂದಿನ ತಿಂಗಳು ಮತ್ತೆ ಕಟಕಟ ಅಂದಾಗ ಬರ್ತೀನಿ," ಎಂದೆ.

"ಸುನಂದಾ," ಎಂದರು. ಡಬ್ಬಿ ತೋರಿಸಿದರು. ಅವಳು ತಂದು ತೊಡೆಯ ಮೇಲಿಟ್ಟಳು. ಎಡಗೈ ಅದರೊಳಗೆ ಬಹಳ ಹೊತ್ತು ತಡಕಾಡಿ, ಒಂದು ವಾಷರನ್ನು ಬೆರಳಿಗೆ ಸಿಕ್ಕಿಸಿಕೊಂಡು ಹೊರಬಂತು. ಗಾಡಿಯ ಕೆಳಗೆ ಮಲಗಿದ್ದ ನನ್ನ ಕಡೆ ಅದನ್ನು ಚಾಚಿದರು.

"ಹಾಕು."

"ಬೇಡ ಕಾಕಾ."

"ಹಾಕವ್ವಾ." ಮಾತು ತೊದಲಿತು, ಆದರೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. "ದೂರ ಆಕ್ಕೈತಿ ನಿನಗ. ಸುಮ್ನ ಅಡ್ಡಾಡಬ್ಯಾಡ."

ನಾನು ಬೋಲ್ಟು ಬಿಚ್ಚಿ ವಾಷರು ಹಾಕಿದೆ. ತಿರುಗಿಸಿದೆ. "ಇನ್ನಽ," ಎಂದರು. ತಿರುಗಿಸಿದೆ. "ಇನ್ನಽ." ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಪಾನ ಕೈಯ ಅಂದಾಜಿನಲ್ಲೇ ತಿರುಗುತ್ತಿತ್ತು. ಅದು ಇನ್ನು ಒಂದು ಕೂದಲೆಳೆಯೂ ಸರಿಯುವುದಿಲ್ಲ ಎನ್ನುವವರೆಗೆ ಅವರು 'ಇನ್ನಽ' ಎನ್ನುತ್ತಲೇ ಇದ್ದರು. ಆಮೇಲೆ ಕುರ್ಚಿಯ ಕೈಯನ್ನು ಎಡಗೈಯಿಂದ ಒಮ್ಮೆ ತಟ್ಟಿ, "ಹೂಂ. ಈಗ ಕುಂತ್ತು," ಎಂದರು.

ಅದೇ ಕೊನೆಯ ಭೇಟಿ. ಮಳೆ ಶುರುವಾಗುವ ಮೊದಲೇ ಕಾಕಾ ತೀರಿಕೊಂಡರು. ಸುದ್ದಿ ತಿಳಿದು ನಾನು ರೈಲಿನಲ್ಲಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶೆಡ್ಡಿನ ಕಡೆ ಹೋಗಲು ಮನಸ್ಸಾಗಲಿಲ್ಲ.

ಆದರೆ ನನ್ನ ಪಾಲಿಗೆ ಅವರು ಹೋದದ್ದು ವಾಷರು ಹಾಕಿದ ಆ ಶನಿವಾರವೇ, ವಾಪಸು ಬರುವ ದಾರಿಯಲ್ಲಿ. ಭರೂಚ್‌ನ ಸೇತುವೆ ದಾಟಿದೆ. ಹೆದ್ದಾರಿಯ ರಿಪೇರಿಯ ಗುಂಡಿಗಳು ಬಂದವು. ಕಿಟಕಿ ಇಳಿಸಿ ಕಟಕಟಕ್ಕೆ ಕಿವಿಗೊಟ್ಟೆ. ಎಂಜಿನ್ನು, ಗಾಳಿ, ಲಾರಿಗಳು. ಕೀಮ್ ಊರು ಕಳೆದ ಮೇಲೆ ತಡೆಯಲಾರದೆ ಗಾಡಿ ಬದಿಗೆ ಹಾಕಿ, ಇಳಿದು ಹೋಗಿ ಆ ಬಂಪರನ್ನು ಎರಡು ಕೈಯಲ್ಲೂ ಹಿಡಿದು ಜಗ್ಗಿದೆ, ಕೆಳಗಿನ ತಗಡಿಗೆ ಕಾಲಿನಿಂದ ಒದ್ದೆ. ಏನೂ ಅಲುಗಾಡಲಿಲ್ಲ.